ಪ್ರಸಂಗ ಮಾಡಲು ಬಾರದವರಿಗೆ ಸಭೆಯಲ್ಲಿ ಏನು ಕೆಲಸ?

ಪ್ರಶ್ನೆ: ನಾನು ಧಾರವಾಡದ ಕಡೆಯವನು. ಕೆಲಸಕ್ಕೆಂದು ಬೆಂಗಳೂರಿಗೆ ಬಂದು ಎರಡು ವರ್ಷವಾಯಿತು. ಇಲ್ಲಿಯ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಕನ್ನಡ ಸಭೆಗೆ, ಅಂದರೆ ಚರ್ಚಿಗೆ, ಹೋಗುತ್ತೇನೆ. ಆರಾಧನೆ ಮುಗಿದ ಕೂಡಲೇ ಬೈಕ್ ಹತ್ತಿ ರೂಮಿಗೆ ಬಂದುಬಿಡುತ್ತೇನೆ. ಸೇವೆ ಮಾಡುವ ಮನಸ್ಸಿದೆ. ಆದರೆ ಹಾಡಲು ಬರುವುದಿಲ್ಲ, ಪ್ರಸಂಗ (ಬೋಧನೆ) ಮಾಡೋಣವೆಂದರೆ ನಾಲ್ಕು ಜನರ ಮುಂದೆ ನಿಂತರೆ ಬಾಯಿ ಒಣಗುತ್ತದೆ. ನನ್ನಂಥವನಿಗೆ ಏನಿದೆ?

ಉತ್ತರ: ನಿಮ್ಮ ತೊಡಕಿನ ಅರ್ಧ ಪಾಲು ‘ಸೇವೆ’ ಎಂಬ ಮಾತಿನಲ್ಲೇ ಇದೆ. ನಮ್ಮ ಮನೆಗಳಲ್ಲಿ ‘ಹುಡುಗ ಸೇವೆಗೆ ಹೋದ’ ಅಂದರೆ ಪಾದ್ರಿಯಾಗಲು ಸೆಮಿನರಿಗೆ ಸೇರಿದ ಅಂತಲೇ ಅರ್ಥ. ದೇವಸೇವಕರು ಅಂದರೆ ಅಯ್ಯನವರು, ಸಭೆಯ ಪಾದ್ರಿ. ಹಾಗಾಗಿ ಮೈಕಿನ ಮುಂದೆ ನಿಲ್ಲಲಾರದವನು ತನ್ನ ಮೇಲೆ ತಾನೇ ತೀರ್ಪು ಕೊಟ್ಟುಕೊಂಡು ಹಿಂದಿನ ಬೆಂಚಿಗೆ ಹೋಗಿ ಕೂರುತ್ತಾನೆ.

ಬೈಬಲಿನಲ್ಲಿ ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯ ತೆಗೆಯಿರಿ. ಯೆರೂಸಲೇಮಿನ ಸಭೆಯಲ್ಲಿ ಗೊಣಗಾಟ ಎದ್ದದ್ದು ಬೋಧನೆಯ ವಿಷಯಕ್ಕಲ್ಲ, ಹೊಟ್ಟೆಯ ವಿಷಯಕ್ಕೆ. ದಿನದಿನದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವವರ ಕಡೆಯ ವಿಧವೆಯರು ಬಿಟ್ಟುಹೋಗುತ್ತಿದ್ದರು. ಏಳು ಜನರನ್ನು ಆರಿಸಿದರು: ಸ್ತೆಫನ, ಫಿಲಿಪ್ಪ ಮೊದಲಾದವರು. ಏಳೂ ಗ್ರೀಕ್ ಹೆಸರುಗಳೇ. ದೂರು ಹೇಳಿದವರ ಕಡೆಯವರ ಕೈಗೇ ಸೌಟು ಕೊಟ್ಟ ಹಾಗೆ ಕಾಣುತ್ತದೆ, ಜಾಣತನ ಅಂದರೆ ಅದು. ಇನ್ನೊಂದು ವಿಷಯ ನಮ್ಮ ಅನುವಾದದಲ್ಲಿ ಎದ್ದು ಕಾಣುವುದಿಲ್ಲ. ಆ ಅಧ್ಯಾಯದ ಗ್ರೀಕ್ ಮೂಲದಲ್ಲಿ ಊಟದ ಹಂಚಿಕೆಗೂ ವಾಕ್ಯ ಸಾರುವುದಕ್ಕೂ ಬಳಸಿರುವ ಪದ ಒಂದೇ, ದಿಯಾಕೊನಿಯಾ, ಅಂದರೆ ಸೇವೆ. ಅಪೊಸ್ತಲ ಪೌಲನೂ ಕೊರಿಂಥದ ಸಭೆಯವರಿಗೆ ವರಗಳ (ದೇವರು ಕೊಡುವ ಸಾಮರ್ಥ್ಯಗಳ) ಪಟ್ಟಿ ಬರೆಯುವಾಗ ರೋಗ ವಾಸಿಮಾಡುವ ವರ ಆದ ಮೇಲೆ, ನಾನಾ ಭಾಷೆಗಳಿಗಿಂತ ಮೊದಲು, ಸಹಾಯ ಮಾಡುವುದನ್ನೂ ಆಡಳಿತ ನಡೆಸುವುದನ್ನೂ ಸೇರಿಸುತ್ತಾನೆ.

ಆದ್ದರಿಂದ ‘ನನ್ನ ವರ ಯಾವುದು’ ಎಂದು ಕೋಣೆಯಲ್ಲಿ ಕೂತು ಯೋಚಿಸುವ ಬದಲು, ಸಭೆಯಲ್ಲಿ ಯಾವ ಕೆಲಸಕ್ಕೆ ಆಳಿಲ್ಲ ಎಂದು ನೋಡಿ. ನನ್ನನ್ನು ಕೇಳಿದರೆ ಕಾಣಿಕೆ ಎಣಿಸುವ ಮೇಜಿನಿಂದ ಶುರು ಮಾಡಿ ಎನ್ನುತ್ತೇನೆ. ಬಾಯಿ ಬೇಡ, ಕಣ್ಣು ಮತ್ತು ಪ್ರಾಮಾಣಿಕತೆ ಸಾಕು. ಆ ಹಣವನ್ನು ಒಬ್ಬರೇ ಎಣಿಸಬಾರದು, ಎಷ್ಟೇ ನಂಬಿಕಸ್ಥರಾದರೂ ಸರಿ. ಯೆರೂಸಲೇಮಿಗಾಗಿ ಕೂಡಿಸಿದ ಹಣವನ್ನು ಪೌಲ ತನ್ನ ಜೊತೆಗಾರ ತೀತನೊಬ್ಬನ ಕೈಗೇ ಒಪ್ಪಿಸಲಿಲ್ಲ. ಸಭೆಗಳು ಆರಿಸಿದ ಸಹೋದರನನ್ನೂ ಜೊತೆಗೆ ಕಳಿಸಿದ. ಯಾರೂ ತಪ್ಪು ಹೊರಿಸದಿರಲಿ ಎಂಬ ಎಚ್ಚರಿಕೆ ಅದು, ಎರಡನೆಯ ಕೊರಿಂಥ ಪತ್ರಿಕೆಯ 8ನೇ ಅಧ್ಯಾಯದಲ್ಲಿದೆ. ಎರಡನೇ ಜೊತೆ ಕಣ್ಣು ನಿಮ್ಮದಾಗಲಿ.

ಮತ್ತೊಂದು, ಹಾಸಿಗೆ ಹಿಡಿದ ಹಿರಿಯರು. ಅವರ ಮನೆಗೆ ಅಯ್ಯನವರು ಕರ್ತನ ಭೋಜನ (ರೊಟ್ಟಿ, ದ್ರಾಕ್ಷಾರಸದ ಸಂಸ್ಕಾರ) ಕೊಡಲು ಹೋಗುವಾಗ ಜೊತೆಗೊಬ್ಬರು ಬೇಕು, ನಿಮ್ಮ ಬೈಕ್ ಅಲ್ಲಿ ಉಪಯೋಗಕ್ಕೆ ಬರುತ್ತದೆ. ಆಮೇಲೆ ನೀವೊಬ್ಬರೇ ಹೋಗಿ ಅರ್ಧ ಗಂಟೆ ಕೂತು ಬಂದರೂ ನಡೆಯುತ್ತದೆ. ಅಜ್ಜಿಯಂದಿರ ಮುಂದೆ ನಿಮ್ಮ ಬಾಯಿ ಒಣಗಲಿಕ್ಕಿಲ್ಲ, ಮಾತು ಹೇಗೂ ಅವರದೇ. ಸುಗ್ಗಿ ಹಬ್ಬಕ್ಕೆ ಕಾಣಿಕೆಯಾಗಿ ಬಂದದ್ದನ್ನು ಹರಾಜು ಹಾಕುವಾಗ ಕುಂಬಳಕಾಯಿ, ಕೋಳಿ ಯಾರ ಪಾಲಾಯಿತು, ಎಷ್ಟಕ್ಕೆ ಹೋಯಿತು ಎಂದು ಬರೆದಿಡುವವರು ಬೇಕು. ಕೂಗುವವರಿಗೆ ಬರವಿಲ್ಲ, ಆಮೇಲೆ ದುಡ್ಡು ವಸೂಲಿ ಮಾಡುವವರಿಗೆ ಬರ!

ಸಂಡೇ ಸ್ಕೂಲಿಗೂ ಜನ ಬೇಕು, ಆದರೆ ಅದನ್ನು ಮೊದಲೇ ಹಿಡಿಯಬೇಡಿ. ಜನ ನಿಮ್ಮನ್ನು ಅರಿಯದೆ ಮಕ್ಕಳನ್ನು ಒಪ್ಪಿಸಬಾರದು, ತರಗತಿಯಲ್ಲಿ ದೊಡ್ಡವರು ಇಬ್ಬರಿರುವುದು ಒಳ್ಳೆಯದು.

ಕೆಲಸ ಹಿಡಿಯುವ ಮೊದಲು ಊರಿನ ಸಭೆಯಿಂದ ಸದಸ್ಯತ್ವದ ಪತ್ರ ತರಿಸಿ ಇಲ್ಲಿಯ ಸದಸ್ಯರ ಪಟ್ಟಿಯಲ್ಲಿ ಹೆಸರು ಬರೆಸಿ. ಇಲ್ಲದಿದ್ದರೆ ಎಷ್ಟು ವರ್ಷ ಬಂದರೂ ಅತಿಥಿಯೇ. ‘ನಮ್ಮ ಕಡೆ ಹೀಗೆ ಮಾಡುತ್ತಿದ್ದೆವು’ ಎಂಬ ಮಾತನ್ನು ಒಂದು ವರ್ಷ ಬಾಯಲ್ಲೇ ಇಟ್ಟುಕೊಳ್ಳಿ. 1947ರಲ್ಲಿ ಬೇರೆ ಬೇರೆ ಪ್ರೊಟೆಸ್ಟಂಟ್ ಪರಂಪರೆಗಳು ಕೂಡಿ ಆದದ್ದು ಸಿಎಸ್‌ಐ. ಧಾರವಾಡದ ಸಭೆಗಳ ಬೇರು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನದು, ಬೆಂಗಳೂರಿನ ಎಷ್ಟೋ ಕನ್ನಡ ಸಭೆಗಳದು ಇಂಗ್ಲೆಂಡಿನ ವೆಸ್ಲಿಯನ್ ಮಿಷನ್ನಿನದು. ಪದ್ಧತಿ ಅಲ್ಪಸ್ವಲ್ಪ ಬೇರೆಯೇ ಇರುತ್ತದೆ. ಕಮಿಟಿ ಚುನಾವಣೆಗೆ ನಿಲ್ಲು ಎಂದು ಯಾರಾದರೂ ಮೊದಲ ವರ್ಷವೇ ಹುರಿದುಂಬಿಸಿದರೆ ನಕ್ಕು ಸುಮ್ಮನಾಗಿ. ಅಲ್ಲಿಯ ಗುಂಪುಗಳ ಕಥೆ ನಿಮಗಿನ್ನೂ ಗೊತ್ತಿಲ್ಲ.

ಶಿಫ್ಟ್ ಕೆಲಸವಾದರೆ ತಿಂಗಳಿಗೆ ಎರಡೇ ಭಾನುವಾರ ಒಪ್ಪಿಕೊಳ್ಳಿ, ಆ ಎರಡನ್ನು ತಪ್ಪಿಸಬೇಡಿ. ಸಣ್ಣ ಕೆಲಸ ಎಂದು ಅಸಡ್ಡೆಯೂ ಬೇಡ. ನಾನು ಮೊದಲು ಹಿಡಿದದ್ದು ಹಾಡಿನ ನಂಬರ್ ಹಾಕುವ ಬೋರ್ಡು. ಒಂದು ಭಾನುವಾರ ಅಂಕಿ ಅದಲುಬದಲಾಗಿ ಕ್ವಾಯರ್ (ಹಾಡುಗಾರರ ತಂಡ) ಒಂದು ಹಾಡು ಎತ್ತಿಕೊಂಡಿತು, ಸಭೆ ಇನ್ನೊಂದು. ಬೋರ್ಡು ಹಾಕುವವನು ಒಬ್ಬನಿದ್ದಾನೆ ಎಂದು ಎಲ್ಲರಿಗೂ ಗೊತ್ತಾದದ್ದು ಅವತ್ತೇ.