ನಂಬರ್ 1965ರದ್ದು, ಕಾರು ಯಾವಾಗಿನದು?

ಕಳೆದ ತಿಂಗಳು ಬರ್ಮಿಂಗ್‌ಹ್ಯಾಮ್‌ನಿಂದ ಒಬ್ಬರು ಡಾಕ್ಟರ್ ಫೋನ್ ಮಾಡಿದರು. ಹಾಸನದ ಕಡೆಯವರು. ಇಷ್ಟು ವರ್ಷ ದುಡಿದ ಹಣದಲ್ಲಿ 60ರ ದಶಕದ ಸ್ಪೋರ್ಟ್ಸ್ ಕಾರು ಕೋಬ್ರಾ 427 ಒಂದನ್ನು ಕೊಳ್ಳುವ ಆಸೆ ಅವರಿಗೆ. "ಚಾಸಿ ನಂಬರ್ ಸಿಎಸ್‌ಎಕ್ಸ್ 3000ದ ಸಾಲಿನದು ಸರ್. ಅಂದ್ರೆ 1965ರ ಗಾಡಿ, ಅಲ್ವಾ?" ಎಂದು ಕೇಳಿದರು. ಚಾಸಿ ಅಂದರೆ ಕಾರಿನ ಅಡಿಯ ಚೌಕಟ್ಟು, ಅದರ ನಂಬರೇ ಕಾರಿನ ಗುರುತು. ಸಿಎಸ್‌ಎಕ್ಸ್ 3000 ಅನ್ನುವುದು 427ಕ್ಕೆ ಕೊಟ್ಟ ನಂಬರ್‌ಗಳ ಸಾಲು.

ಇಂಗ್ಲೆಂಡಿನಲ್ಲಿ ಹಳೆಯ ಸ್ಪೋರ್ಟ್ಸ್ ಕಾರುಗಳ ಜಾತಕ ಹುಡುಕುವ ಈ ಕೆಲಸಕ್ಕೆ ನಾನು ಬಂದು ಹತ್ತೊಂಬತ್ತು ವರ್ಷವಾಯಿತು. ಇದೇ ಪ್ರಶ್ನೆ ಬಾರದ ತಿಂಗಳಿಲ್ಲ. ಓದಿದವರು, ಲೆಕ್ಕಾಚಾರ ಬಲ್ಲವರು, ಎಲ್ಲರೂ ಇಲ್ಲೇ ಎಡವುತ್ತಾರೆ. ದಯವಿಟ್ಟು ಕೇಳಿ, ನಂಬರಿನ ವಯಸ್ಸೇ ಬೇರೆ, ಕಬ್ಬಿಣದ ವಯಸ್ಸೇ ಬೇರೆ.

ನಮ್ಮೂರಿನ ಲೆಕ್ಕದಲ್ಲಿ ಹೇಳುತ್ತೇನೆ. 1965ರಲ್ಲಿ ಒಂದು ಬಡಾವಣೆ ಆಯಿತು ಅಂದುಕೊಳ್ಳಿ. ನಕ್ಷೆಯಲ್ಲಿ ನೂರು ಸೈಟಿಗೆ ನಂಬರ್ ಬಿತ್ತು. ಐವತ್ತು ಸೈಟಿನಲ್ಲಿ ಮನೆ ಎದ್ದಿತು, ಉಳಿದವು ಖಾಲಿ ಬಿದ್ದವು. 1992ರಲ್ಲಿ ಯಾರೋ 71ನೇ ಸೈಟಿನಲ್ಲಿ ಮನೆ ಕಟ್ಟಿದರು. ಸೈಟ್ ನಂಬರ್ 1965ರದ್ದೇ. ಮನೆ? ಆ ಮನೆಯನ್ನು 1965ರ ಮನೆ ಎಂದು ನೀವು ಕೊಳ್ಳುತ್ತೀರಾ? ಕಾರಿನ ವಿಷಯಕ್ಕೆ ಬಂದಾಗ ಮಾತ್ರ ಇದು ಯಾಕೋ ಮರೆತುಹೋಗುತ್ತದೆ.

ಹಳೆಯ ಮಾದರಿಯನ್ನೇ ಎಷ್ಟೋ ವರ್ಷದ ಮೇಲೆ ಮತ್ತೆ ಕಟ್ಟಿದ ಕಾರನ್ನು ಕಂಟಿನ್ಯುಯೇಷನ್ ಕಾರು ಅನ್ನುತ್ತಾರೆ. ಅವುಗಳ ಕಥೆ ಪೂರ್ತಿ ಇಂಥ ಖಾಲಿ ಸೈಟುಗಳದ್ದೇ. 1963ರಲ್ಲಿ ಜಾಗ್ವಾರ್ ಕಂಪನಿ ಲೈಟ್‌ವೇಟ್ ಇ-ಟೈಪ್ ಎಂಬ ರೇಸ್ ಕಾರಿಗೆಂದು 18 ನಂಬರ್ ತೆಗೆದಿಟ್ಟಿತ್ತು. ಆಗಿದ್ದು 12 ಕಾರು. ಉಳಿದ ಆರು ನಂಬರ್ ಐವತ್ತು ವರ್ಷ ಪುಸ್ತಕದಲ್ಲೇ ಮಲಗಿದ್ದವು. 2014ರಲ್ಲಿ ಕಂಪನಿಯೇ ಆ ಆರನ್ನು ಕಟ್ಟುವುದಾಗಿ ಹೇಳಿ, ಕಟ್ಟಿಯೂ ಕೊಟ್ಟಿತು. ಎಲ್ಲವೂ ಬಹಿರಂಗ, ಮುಚ್ಚುಮರೆ ಇಲ್ಲ. ಜಾಗ್ವಾರ್‌ನದೇ ಇನ್ನೊಂದು ಕಾರು ಎಕ್ಸ್‌ಕೆಎಸ್‌ಎಸ್‌ನ ಕಥೆ ಬೇರೆ ಥರ. 1957ರ ಫೆಬ್ರುವರಿಯಲ್ಲಿ ಕಂಪನಿಯ ಬ್ರೌನ್ಸ್ ಲೇನ್ ಕಾರ್ಖಾನೆಗೆ ಬೆಂಕಿ ಬಿದ್ದು ಒಂಬತ್ತು ಕಾರು ಸುಟ್ಟುಹೋದವು. ಆ ಲೆಕ್ಕ ತುಂಬಲು ಈಚೆಗೆ ಒಂಬತ್ತು ಕಾರು ಮಾಡಿದರು. ಒಂದೇ ಕಂಪನಿಯಲ್ಲೇ ಎರಡು ಕಥೆ. ಆದ್ದರಿಂದ ಸುಮ್ನೆ ಚಾಸಿ ನಂಬರಿನ ಪ್ಲೇಟು ನೋಡಿ ಏನೂ ಹೇಳಲಾಗದು.

ಆಸ್ಟನ್ ಮಾರ್ಟಿನ್ ಡಿಬಿ4 ಜಿಟಿ ಜಗಾಟೋ ನನಗೆ ಬಹಳ ಇಷ್ಟದ ಕಾರು. 1960ರ ದಶಕದ ಶುರುವಿನಲ್ಲಿ ಆಗಿದ್ದು 19. ಬಳಸದೆ ಉಳಿದ ನಾಲ್ಕು ನಂಬರ್ ಇಟ್ಟುಕೊಂಡು ಇನ್ನೂ ನಾಲ್ಕು ಕಾರು ಮಾಡಿದರು, 1991ರಲ್ಲಿ ಮುಗಿದವು. ಅವನ್ನು ಸ್ಯಾಂಕ್ಷನ್ ಟೂ ಅನ್ನುತ್ತಾರೆ. ಹಳೆಯದರ ಎಂಜಿನ್ 3.7 ಲೀಟರ್, ಈ ನಾಲ್ಕರದ್ದು 4.2. ನಂಬರ್ ಮಾತ್ರ ನೋಡುವವರಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಹಾಗಾಗಿ ನಾನು ಒಂದು ಕಾರಿಗೆ ನಾಲ್ಕು ತಾರೀಖು ಕೇಳುತ್ತೇನೆ. ನಂಬರ್ ಕೊಟ್ಟಿದ್ದು ಯಾವಾಗ, ಚಾಸಿ ಮಾಡಿದ್ದು ಯಾವಾಗ, ಕಾರು ಪೂರ್ತಿಯಾಗಿ ಕಾರ್ಖಾನೆ ಬಿಟ್ಟಿದ್ದು ಯಾವಾಗ, ಮೊದಲು ರಿಜಿಸ್ಟರ್ ಆಗಿದ್ದು ಯಾವಾಗ. ನಾಲ್ಕೂ ಹತ್ತಿರ ಹತ್ತಿರ ಇದ್ದರೆ ಸಮಾಧಾನ. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಇಪ್ಪತ್ತೈದು ವರ್ಷ ಇದ್ದರೆ ಅದು ಬೇರೆಯೇ ವಸ್ತು. ಕೆಟ್ಟದ್ದು ಅಂತ ಹೇಳುತ್ತಿಲ್ಲ. ಬೇರೆಯದು.

ಸರ್ಟಿಫಿಕೇಟ್ ಇದೆಯಲ್ಲ ಅನ್ನುತ್ತಾರೆ. ಕಂಪನಿಯ ಹಳೆಯ ಲೆಡ್ಜರಿನಿಂದ ಬರೆದುಕೊಡುವ ಪತ್ರ ಲೆಡ್ಜರಿನಲ್ಲಿ ಇರುವುದನ್ನು ಹೇಳುತ್ತದೆ, ನಿಮ್ಮ ಮುಂದೆ ನಿಂತಿರುವ ಗಾಡಿಯನ್ನು ನೋಡಿ ಹೇಳುವುದಿಲ್ಲ. ಹಳೆಯ ಕಾರುಗಳ ರೇಸಿಗೆ ಬೇಕಾದ, ಅಂತರರಾಷ್ಟ್ರೀಯ ಮೋಟಾರು ಸಂಸ್ಥೆ ಎಫ್‌ಐಎ ಕೊಡುವ ಪಾಸ್‌ಪೋರ್ಟೂ ಅಷ್ಟೇ. ಕಾರಿನ ತಾಂತ್ರಿಕ ರೂಪ ಆ ಕಾಲದ ನಿಯಮಕ್ಕೆ ಹೊಂದುತ್ತದೆ ಅನ್ನುತ್ತದೆ, ಅದರ ಇತಿಹಾಸಕ್ಕೆ ಜಾಮೀನು ನಿಲ್ಲುವುದಿಲ್ಲ. ನಾನೂ ನನ್ನ ವರದಿಯಲ್ಲಿ "ಅಸಲಿ" ಎಂದು ಬರೆಯುವುದಿಲ್ಲ. "ನಾನು ನೋಡಿದ ದಾಖಲೆಗಳಿಗೆ ಹೊಂದುತ್ತದೆ" ಎಂದಷ್ಟೇ ಬರೆಯುತ್ತೇನೆ. ನಾಳೆ ಇನ್ನೊಂದು ಕಾಗದ ಸಿಗಬಹುದು.

"ರೇಸ್ ಕಾರಿನ ಭಾಗಗಳೆಲ್ಲ ಬದಲಾಗಿರುತ್ತವಲ್ಲ, ಅದು ಮಾತ್ರ ಅಸಲಿ ಹೇಗೆ?" ಎಂದು ಕೆಲವರು ವಾದಿಸುತ್ತಾರೆ. ಒಳ್ಳೆಯ ಪ್ರಶ್ನೆ. 1929 ಮತ್ತು 1930ರಲ್ಲಿ ಫ್ರಾನ್ಸಿನ ಲೆ ಮಾನ್ಸ್ ರೇಸ್ ಗೆದ್ದ ಬೆಂಟ್ಲಿ 'ಓಲ್ಡ್ ನಂಬರ್ ಒನ್' ವಿಷಯದಲ್ಲಿ ಇದೇ ಪ್ರಶ್ನೆ 1990ರಲ್ಲಿ ಲಂಡನ್ನಿನ ಕೋರ್ಟಿಗೆ ಹೋಗಿತ್ತು. ಗೆದ್ದ ದಿನದ ಭಾಗಗಳು ಅದರಲ್ಲಿ ಉಳಿದಿದ್ದು ಬಹಳ ಕಡಿಮೆ. ಆದರೂ ಅದೇ ಕಾರು ಎಂದು ಜಡ್ಜ್ ಒಪ್ಪಿದರು. ಯಾಕೆಂದರೆ ಅದರ ಬದುಕು ಎಲ್ಲೂ ತುಂಡಾಗಿರಲಿಲ್ಲ. ರಿಪೇರಿಯಾಗುತ್ತ, ಬದಲಾಗುತ್ತ ಬಂದಿತ್ತು. ಖಾಲಿ ನಂಬರಿಗೆ ಆಮೇಲೆ ಕಟ್ಟಿದ ಕಾರಿಗೆ ಅಂಥ ಬದುಕೇ ಇರಲಿಲ್ಲ.

ಕೊವೆಂಟ್ರಿಯಲ್ಲಿ ಒಬ್ಬರು ತಗಡಿನ ಕೆಲಸದ ಹಿರಿಯರಿದ್ದರು. ಗೊಂದಲವಾದಾಗೆಲ್ಲ ಅವರನ್ನು ಕರೆದೊಯ್ಯುತ್ತಿದ್ದೆ. ಪ್ಲೇಟಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಕಾರಿನಡಿ ಮಲಗಿ ವೆಲ್ಡಿಂಗ್ ಮೇಲೆ ಬೆರಳಾಡಿಸಿ, "ಇದು ಅವಸರವಿಲ್ಲದ ಕೈ" ಎನ್ನುತ್ತಿದ್ದರು. ಕಾರ್ಖಾನೆಯ ಕಾಲದ ವೆಲ್ಡಿಂಗ್‌ನಲ್ಲಿ ಅವಸರ ಕಾಣಬೇಕು ಎಂಬುದು ಅವರ ಲೆಕ್ಕ. ಅವರ ಮಾತನ್ನು ಪುರಾವೆ ಎಂದು ಬರೆಯಲು ಬರುತ್ತಿರಲಿಲ್ಲ. ಆದರೆ ಯಾವ ಕಾಗದ ಹುಡುಕಬೇಕು ಎಂದು ಅದರಿಂದ ತಿಳಿಯುತ್ತಿತ್ತು.

ಡಾಕ್ಟರ ಕೋಬ್ರಾಗೆ ಬರೋಣ. 427ರ ರೇಸಿನ ರೂಪಕ್ಕೆ ಮಾನ್ಯತೆ ಸಿಗಲು ನೂರು ಕಾರು ಆಗಬೇಕಿತ್ತು, ಅಷ್ಟು ಆಗಲಿಲ್ಲ, ನಂಬರ್‌ಗಳು ಉಳಿದವು. 1990ರ ದಶಕದ ಶುರುವಿನಲ್ಲಿ ಕೋಬ್ರಾ ಹುಟ್ಟುಹಾಕಿದ ಕ್ಯಾರಲ್ ಶೆಲ್ಬಿ ಆ ನಂಬರ್‌ಗಳಲ್ಲಿ ಕಾರು ತಂದರು. 60ರ ದಶಕದಲ್ಲಿ ಉಳಿದ ಚಾಸಿಗಳು ಎಂಬ ಮಾತಿತ್ತು. ಚಾಸಿಗಳು ಹೊಸದಾಗಿ ಮಾಡಿದವು ಎಂದು 1993ರಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ವರದಿ ಮಾಡಿತು. ಆಮೇಲೆ ಬಂದ ಕಾರುಗಳಿಗೆ 4000ದ ಸಾಲು.

ಅಸಲಿ ಚಾಸಿಗಳನ್ನು ಥೇಮ್ಸ್ ಡಿಟನ್‌ನಲ್ಲಿ ಎಸಿ ಕಾರ್ಸ್ ಮಾಡಿ ಅಮೆರಿಕಕ್ಕೆ ಕಳಿಸುತ್ತಿತ್ತು. ಕಳಿಸಿದ್ದಕ್ಕೆ ಬಿಲ್ ಇರುತ್ತಿತ್ತು. "ಆ ಬಿಲ್ ಕೇಳಿ ಡಾಕ್ಟ್ರೇ, ಬೇರೇನೂ ಬೇಡ" ಅಂದೆ. ಮಾರುವವರು ಹದಿನಾಲ್ಕು ಪುಟ ಕಳಿಸಿದರು. ಟೈಟಲ್ ಅಂದರೆ ಮಾಲೀಕತ್ವದ ಪತ್ರ ಇತ್ತು, ಫೋಟೋ ಇತ್ತು, ಸಹಿ ಹಾಕಿದ ಪತ್ರವಿತ್ತು. ಬಿಲ್ ಇರಲಿಲ್ಲ.

ಡಾಕ್ಟರಿಗೆ ಕಾರು ಈಗಲೂ ಇಷ್ಟವೇ. ಅದನ್ನೇ 1990ರ ದಶಕದ ಕಾರಿನ ಬೆಲೆಗೆ ಕೇಳಿದ್ದಾರೆ. ಮಾರುವವರಿಂದ ಇನ್ನೂ ಉತ್ತರ ಬಂದಿಲ್ಲ.