ವಿಚಾರಣೆ: ಪೊಲೀಸರದ್ದೋ, ಕೋರ್ಟಿನದ್ದೋ?

ಡಿಸೆಂಬರ್ 10, ಮಾನವ ಹಕ್ಕುಗಳ ದಿನ. ಕಾರವಾರದಲ್ಲಿ ಕಾಲೇಜು ಮಕ್ಕಳ ಭಾಷಣ ಸ್ಪರ್ಧೆಗೆ ತೀರ್ಪುಗಾರನಾಗಿ ಕೂತಿದ್ದೆ. ನಾಲ್ವರು ಅಮೆರಿಕದ ಗ್ವಾಂಟನಾಮೋ ಜೈಲಿನ ವಿಷಯ ಆರಿಸಿಕೊಂಡಿದ್ದರು. ಚೆನ್ನಾಗಿ ಓದಿಕೊಂಡೇ ಬಂದಿದ್ದರು. ಆದರೆ ಮೂವರ ಬಾಯಲ್ಲಿ ಒಂದೇ ವಾಕ್ಯ: ‘ಅಲ್ಲಿನ ಕೈದಿಗಳ ವಿಚಾರಣೆ ಇಪ್ಪತ್ತು ವರ್ಷಗಳಿಂದ ನಡೆಯುತ್ತಿದೆ.’ ಪೇಪರಿನಲ್ಲೂ ಇದನ್ನೇ ಓದಿ ಓದಿ ಸಾಕಾಗಿದೆ. ಯಾವ ವಿಚಾರಣೆ? ಕೂಡಿಹಾಕಿ ಪ್ರಶ್ನೆ ಕೇಳುವುದೋ, ಕೋರ್ಟಿನಲ್ಲಿ ನಡೆಯುವುದೋ? ಅಲ್ಲಿನವರ ಗೋಳೇ ಇದು. ಮೊದಲನೆಯದು ಮಿತಿಮೀರಿ ನಡೆಯಿತು. ಎರಡನೆಯದು ಹೆಚ್ಚಿನವರಿಗೆ ಸಿಗಲೇ ಇಲ್ಲ.

ಪದ ಸಂಸ್ಕೃತದ್ದು. ‘ಚರ್’ ಅಂದರೆ ಓಡಾಡು. ಅದಕ್ಕೆ ‘ವಿ’ ಸೇರಿದರೆ ಅತ್ತ ಇತ್ತ, ಎಲ್ಲ ಕಡೆ ಓಡಾಡು. ಒಂದು ಸಂಗತಿಯ ಸುತ್ತ ಮನಸ್ಸು ಹೀಗೆ ಓಡಾಡಿ ಬಂದರೆ ಅದು ವಿಚಾರ. ಪ್ರಾರ್ಥನಾ ಪ್ರಾರ್ಥನೆಯಾದ ಹಾಗೆ ವಿಚಾರಣಾ ನಮ್ಮಲ್ಲಿ ವಿಚಾರಣೆಯಾಯಿತು. ಕನ್ನಡಕ್ಕೆ ಬಂದ ಮೇಲೂ ಅದರ ಓಡಾಟ ನಿಲ್ಲಲಿಲ್ಲ. ಶಿರಸಿ ಕಡೆ ಮದುವೆಮನೆಯಲ್ಲಿ ಪಂಕ್ತಿ ವಿಚಾರಿಸುತ್ತಾರೆ. ಯಾರಿಗೆ ಸಾರು ಬರಲಿಲ್ಲ, ಯಾರ ಎಲೆಯಲ್ಲಿ ಅನ್ನ ಮುಗಿಯಿತು ಎಂದು ಒಬ್ಬೊಬ್ಬರ ಮುಂದೆಯೂ ನಿಂತು ಕೇಳುತ್ತಾರೆ. ಹುಷಾರಿಲ್ಲದವರ ಆರೋಗ್ಯ ವಿಚಾರಿಸುತ್ತೇವೆ. ‘ನಿನ್ನನ್ನ ಆಮೇಲೆ ವಿಚಾರಿಸ್ಕೊಳ್ತೇನೆ’ ಅಂದರೆ ಮಾತ್ರ ಅದು ಬೆದರಿಕೆ. ಠಾಣೆಯಲ್ಲಿ ಪೊಲೀಸರು ಕೇಳುವುದೂ ವಿಚಾರಣೆ. ನ್ಯಾಯಾಧೀಶರ ಮುಂದೆ ಸಾಕ್ಷಿ, ಪಾಟೀಸವಾಲು ನಡೆಯುವುದೂ ವಿಚಾರಣೆ. ಮನೆಮಾತಿನಲ್ಲಿ ಇದರಿಂದ ಯಾರಿಗೂ ತೊಂದರೆಯಿಲ್ಲ. ಒಬ್ಬ ಮನುಷ್ಯ ಒಳಗಿದ್ದಾನೆ ಎಂದಾಗ ತೊಂದರೆ ಶುರುವಾಗುತ್ತದೆ.

ಗ್ವಾಂಟನಾಮೋ ಕ್ಯೂಬಾದಲ್ಲಿರುವ ಅಮೆರಿಕದ ನೌಕಾನೆಲೆ. ಕಾರವಾರದವರಿಗೆ ನೌಕಾನೆಲೆ ಅನ್ನುವುದನ್ನು ವಿವರಿಸಬೇಕಿಲ್ಲ. ಆದರೆ ಇದು ಬೇರೆ ದೇಶದ ನೆಲ, ಗುತ್ತಿಗೆಗೆ ಪಡೆದದ್ದು. ಅದನ್ನೇ ಮುಂದಿಟ್ಟು, ನಮ್ಮ ಕೋರ್ಟುಗಳಿಗೆ ಅಲ್ಲಿ ಅಧಿಕಾರವಿಲ್ಲ ಎಂದು ಅಮೆರಿಕ ಸರ್ಕಾರ ವಾದಿಸಿತು. 2002ರ ಜನವರಿ 11ರಂದು ಮೊದಲ ಕೈದಿಗಳು ಬಂದರು. ಒಟ್ಟು ಸುಮಾರು 780 ಮಂದಿಯನ್ನು ಅಲ್ಲಿ ಇಟ್ಟಿದ್ದರು. ಹೆಚ್ಚಿನವರ ಮೇಲೆ ಒಂದು ಕೇಸೂ ಹಾಕಲಿಲ್ಲ. 2025ರ ಜನವರಿಯಲ್ಲಿ ಉಳಿದವರು 15.

ಆ 15ರಲ್ಲಿ ಖಾಲಿದ್ ಶೇಖ್ ಮೊಹಮ್ಮದ್ ಒಬ್ಬ. 2001ರ ಸೆಪ್ಟೆಂಬರ್ 11ರ ದಾಳಿಯ ಮುಖ್ಯ ಸಂಚುಗಾರ ಎಂಬ ಆರೋಪ ಅವನ ಮೇಲಿದೆ. ಅವನು ಸಿಕ್ಕಿದ್ದು 2003ರ ಮಾರ್ಚ್‌ನಲ್ಲಿ. ಅದೇ ತಿಂಗಳು ಸಿಐಎಯ ರಹಸ್ಯ ಜೈಲಿನಲ್ಲಿ ಮುಖಕ್ಕೆ ಬಟ್ಟೆ ಹಾಕಿ, ನೀರು ಸುರಿದು, 183 ಬಾರಿ ಉಸಿರುಗಟ್ಟಿಸಿದರು. ಇದಕ್ಕೂ ನಮ್ಮ ಪೇಪರುಗಳಲ್ಲಿ ‘ತೀವ್ರ ವಿಚಾರಣೆ’ ಎಂದೇ ಹೆಸರು. ಈಗಿನ ಕೇಸಿನಲ್ಲಿ, ಗ್ವಾಂಟನಾಮೋ ಕೈದಿಗಳ ಕೇಸು ನಡೆಸುವ ಮಿಲಿಟರಿ ಆಯೋಗದ ಮುಂದೆ ಹಾಜರುಪಡಿಸಿದ್ದು 2012ರ ಮೇನಲ್ಲಿ. ಆಮೇಲೆ ಹತ್ತು ವರ್ಷಕ್ಕೂ ಜಾಸ್ತಿ ಕಾಲ, ಹಿಂಸೆಯ ನಂತರ ಪಡೆದ ಹೇಳಿಕೆಯನ್ನು ಒಪ್ಪಬಹುದೇ ಎಂಬಂಥ ವಾದಗಳಲ್ಲೇ ಹೋಯಿತು. ದಾಳಿಯಲ್ಲಿ ಸತ್ತ ಸುಮಾರು 3000 ಜನರ ಮನೆಯವರಿಗೂ ಅಷ್ಟು ವರ್ಷ ತೀರ್ಪು ಸಿಗಲಿಲ್ಲ, ಅಲ್ವಾ?

ಆಮ್ನೆಸ್ಟಿಯಂಥ ಮಾನವ ಹಕ್ಕು ಸಂಘಟನೆಗಳ ಬೇಡಿಕೆ ನೇರವಾಗಿದೆ. ಹಿಂಸೆ ಕೊಟ್ಟು ಪ್ರಶ್ನೆ ಕೇಳುವುದನ್ನು ನಿಲ್ಲಿಸಿ. ಕೇಸು ಹಾಕಿ, ಸರಿಯಾದ ಕೋರ್ಟಿನಲ್ಲಿ ನಡೆಸಿ, ಇಲ್ಲವೇ ಬಿಟ್ಟುಬಿಡಿ. ಇದನ್ನು ಸುಮ್ನೆ ಒಂದೇ ಪದದಲ್ಲಿ ಬರೆದು ನೋಡಿ: ‘ವಿಚಾರಣೆ ನಿಲ್ಲಿಸಿ, ವಿಚಾರಣೆ ನಡೆಸಿ.’ ಓದುವವರಿಗೆ ಏನು ತಿಳಿಯಬೇಕು?

ಈ ಮಿಲಿಟರಿ ಆಯೋಗವನ್ನು ‘ಸೇನಾ ನ್ಯಾಯಾಲಯ’ ಅನ್ನುವುದೂ ಹೀಗೆಯೇ. ಸೇನಾ ನ್ಯಾಯಾಲಯ, ಅಂದರೆ ಕೋರ್ಟ್ ಮಾರ್ಷಲ್, ಇರುವುದು ಮುಖ್ಯವಾಗಿ ಸೇನೆಯ ತನ್ನದೇ ಸೈನಿಕರಿಗೆ. ಗ್ವಾಂಟನಾಮೋದ ಮಿಲಿಟರಿ ಆಯೋಗ ಬೇರೆ. ಅದರ ಮೊದಲ ನಿಯಮಗಳಲ್ಲಿ ಆರೋಪಿಯನ್ನೇ ಹೊರಗಿಟ್ಟು, ಅವನ ವಿರುದ್ಧದ ಸಾಕ್ಷ್ಯ ಏನೆಂದು ಅವನಿಗೆ ತಿಳಿಸದೆ ಮುಂದುವರಿಯಲು ಅವಕಾಶವಿತ್ತು. 2006ರಲ್ಲಿ ಹಮ್ದಾನ್ ಎಂಬ ಕೈದಿಯ ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ಆಯೋಗವನ್ನು ಒಪ್ಪಲಿಲ್ಲ. ಎಲ್ಲ ಕಡೆ ಓಡಾಡದೆ ಒಂದೇ ಕಡೆ ನಿಂತರೆ ಅಲ್ಲಿ ‘ವಿ’ ಎಲ್ಲಿ ಉಳಿಯಿತು?

ಇನ್ನು ‘ವಿಚಾರಣಾಧೀನ ಕೈದಿ’. ಕಾರವಾರದ ಜೈಲಿನಲ್ಲಿರುವ ವಿಚಾರಣಾಧೀನ ಕೈದಿಗೆ ಎಷ್ಟೇ ತಡವಾದರೂ ಒಂದು ಕೇಸ್ ನಂಬರ್ ಇರುತ್ತದೆ, ಮುಂದಿನ ತಾರೀಕು ಇರುತ್ತದೆ. ಬಂಧಿಸಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ತರಲೇಬೇಕು. ಕೇಸೇ ಇಲ್ಲದೆ ಒಳಗಿರುವವನಿಗೆ ಈ ಹೆಸರು ಕೊಟ್ಟರೆ, ಇಲ್ಲದ ಕೋರ್ಟನ್ನು ನಾವೇ ಕಟ್ಟಿಕೊಟ್ಟ ಹಾಗೆ. ಪೊಲೀಸರದ್ದಕ್ಕೆ ತನಿಖೆ ಎನ್ನಿ, ಪ್ರಶ್ನೆ ಕೇಳಿದರು ಎನ್ನಿ. ಕೋರ್ಟಿನದ್ದಕ್ಕೆ ಕೋರ್ಟ್ ವಿಚಾರಣೆ ಎನ್ನಿ. ಎರಡನೆಯದು ಇಲ್ಲವೇ ಇಲ್ಲ ಎಂದಾದರೆ ‘ಕೇಸಿಲ್ಲದ ಸೆರೆ’ ಎಂದು ಬರೆಯಿರಿ.

ನಮ್ಮ ಹಿರಿಯರಿಗೆ ಈ ಗೊಂದಲ ಇರಲಿಲ್ಲ. 1975ರ ತುರ್ತು ಪರಿಸ್ಥಿತಿಯ ಮಾತು ಬಂದರೆ ‘ಮೀಸಾದಲ್ಲಿ ಒಳಗೆ ಹಾಕಿದ್ರು’ ಎನ್ನುತ್ತಾರೆ. ಮೀಸಾ ಅಂದರೆ ಕೇಸಿಲ್ಲದೆ ಸೆರೆಯಲ್ಲಿಡಲು ಬಿಟ್ಟಿದ್ದ ಕಾಯ್ದೆ. ‘ವಿಚಾರಣೆ ಎದುರಿಸಿದ್ರು’ ಎಂದು ಒಬ್ಬರೂ ಹೇಳಿದ್ದು ನಾನು ಕೇಳಿಲ್ಲ. ಕೋರ್ಟಿಗೆ ಹೋಗಿ ‘ನನ್ನನ್ನು ಯಾಕೆ ಹಿಡಿದಿದ್ದೀರಿ’ ಎಂದು ಕೇಳುವ ದಾರಿಯನ್ನೂ 1976ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಮುಚ್ಚಿತ್ತು. ಐವರು ನ್ಯಾಯಮೂರ್ತಿಗಳಲ್ಲಿ ಒಪ್ಪದೆ ಉಳಿದವರು ಎಚ್. ಆರ್. ಖನ್ನಾ ಒಬ್ಬರೇ.