ಭುವನೇಶ್ವರಿಯ ತಾವರೆ: ನೋಡುವ ಕ್ರಮ, ಬರೆಯುವ ಕ್ರಮ

ಮಂಟಪದ ಭುವನೇಶ್ವರಿಯಲ್ಲಿ, ಅಂದರೆ ಒಳಚಾವಣಿಯ ನಡು ಅಂಕಣದಲ್ಲಿ, ತಾವರೆ ಕಂಡ ಕೂಡಲೇ ಎಸಳು ಎಣಿಸಲು ಹೋಗಬೇಡಿ. ಮೊದಲು ಕಲ್ಲಿನ ಸಂದು ಹುಡುಕಿ. ನಾಲ್ಕು ತೊಲೆಗಳ ಚೌಕದಲ್ಲಿ ಮೂಲೆಗೊಂದರಂತೆ ತ್ರಿಕೋನ ಕಲ್ಲು ಕೂರಿಸಿದರೆ ಒಳಗೆ 45 ಡಿಗ್ರಿ ತಿರುಗಿದ ಚೌಕ ಉಳಿಯುತ್ತದೆ. ಅದರ ಬಾಹು ಮೊದಲಿನದರ 0.707 ಪಾಲು. 8 ಅಡಿಯ ಅಂಕಣ ಒಂದು ಸುತ್ತಿಗೆ ಸುಮಾರು 5 ಅಡಿ 8 ಇಂಚಿಗೆ, ಇನ್ನೊಂದು ಸುತ್ತಿಗೆ 4 ಅಡಿಗೆ ಇಳಿಯುತ್ತದೆ. ಉದ್ದದ ಚಪ್ಪಡಿ ತನ್ನ ಭಾರಕ್ಕೇ ಬಿರಿಯುವುದರಿಂದ ಈ ಉಪಾಯ. ಕೊನೆಗೆ ಉಳಿದ ಕಿಂಡಿಯನ್ನು ಒಂದೇ ಕಲ್ಲು ಮುಚ್ಚುತ್ತದೆ, ಹೂವು ಅದರ ಕೆಳಮೈಯಲ್ಲಿ ಅರಳುತ್ತದೆ. ಎಂಟೆಸಳು ಇಲ್ಲಿ ಸರಿಯಾಗಿ ಹೊಂದುವುದೂ ಇದಕ್ಕೇ: ನಾಲ್ಕು ಮೂಲೆಗೆ, ನಾಲ್ಕು ಬಾಹುಗಳ ನಡುವಿಗೆ.

ಫೋಟೋ ಓರೆಯಾಗಿ ತೆಗೆದರೆ ವೃತ್ತ ಮೊಟ್ಟೆಯಾಕಾರವಾಗುತ್ತದೆ, ಅಳತೆಗೆ ಬಾರದು. ಅನುಮತಿ ಪಡೆದು, ಮೊಬೈಲನ್ನು ಹೂವಿನ ನಡುವಿಗೆ ನೇರ ಕೆಳಗೆ ನೆಲದ ಮೇಲೆ ಮಲಗಿಸಿ, ಮುಂದಿನ ಕ್ಯಾಮೆರಾಕ್ಕೆ ಟೈಮರ್ ಇಟ್ಟು ಪಕ್ಕಕ್ಕೆ ಸರಿಯಿರಿ.

ಬರೆಯುವಾಗ ಚೌಕದ ಎರಡು ಕರ್ಣ, ಎರಡು ನಡುಗೆರೆ ಎಳೆಯಿರಿ. ಕೇಂದ್ರದಿಂದ 4, 8, 12 ಸೆಂ.ಮೀ. ತ್ರಿಜ್ಯದ ಮೂರು ವೃತ್ತ ಹಾಕಿ. ಒಳಗಿನದು ಕರ್ಣಿಕೆ, ಅಂದರೆ ಹೂವಿನ ನಡುವಿನ ಬೀಜಕೋಶ. 8ರ ವೃತ್ತದಲ್ಲಿ ಎಸಳು ಅತಿ ಅಗಲ, ಸುಮಾರು 6 ಸೆಂ.ಮೀ.; ಅಕ್ಕಪಕ್ಕದವು ತಾಗುವುದು ಅಲ್ಲೇ. ತುದಿ 12ಕ್ಕೆ ಮುಟ್ಟಲಿ. ಹಿಂದಿನ ಸಾಲಿನ ಎಂಟು ಎಸಳು 22.5 ಡಿಗ್ರಿ ಸರಿದು, ಸಂದಿಯಲ್ಲಿ ತುದಿ ಮಾತ್ರ ತೋರಬೇಕು. ಹೊಸಬರು ಕೈವಾರವನ್ನು ತ್ರಿಜ್ಯದಷ್ಟೇ ತೆರೆದು ವೃತ್ತದ ಮೇಲೆ ಗುರುತು ಹಾಕುತ್ತಾ ಹೋಗುತ್ತಾರೆ. ಅದರಿಂದ ಆರೇ ಎಸಳು ಬರುತ್ತವೆ.

ಶಿರಸಿ ತಾಲೂಕಿನ ಬನವಾಸಿಯಲ್ಲಿ ಮಧುಕೇಶ್ವರನ ಮಂಟಪದ ನುಣುಪಾದ ಕಂಬಗಳನ್ನು ನೋಡಿ, ಆಮೇಲೆ ಘಟ್ಟ ಇಳಿದು ಚಿರೆಕಲ್ಲಿನ, ಅಂದರೆ ಜಂಬಿಟ್ಟಿಗೆಯ, ಗೋಡೆ ಮುಟ್ಟಿ ನೋಡಿ. ಕಲ್ಲೇ ಕೆಲಸವನ್ನು ಹೇಗೆ ಬದಲಿಸುತ್ತದೆಂದು ಕೈಗೇ ತಿಳಿಯುತ್ತದೆ. ಚಿರೆಕಲ್ಲಿನ ಮೈತುಂಬ ತೂತು, ತೆಳು ಅಂಚು ಉದುರುತ್ತದೆ. ಅದರ ಮೇಲೆ ಹೂವು ಬೇಕಾದರೆ ಗಾರೆಯಲ್ಲಿ ಎತ್ತಬೇಕು. ವರ್ಷವರ್ಷ ಬಳಿದ ಸುಣ್ಣ ಎಸಳಿನ ಸಂದಿಗಳನ್ನು ತುಂಬಿಬಿಡುತ್ತದೆ, ಆಗ ತಾವರೆ ಬರೀ ಗುಂಡು ಬಿಲ್ಲೆಯಂತೆ ಕಾಣುತ್ತದೆ.

ಮರದಲ್ಲಿ ಕಷ್ಟವೇ ಬೇರೆ. ಶಿರಸಿ, ಕುಮಟಾ, ಹೊನ್ನಾವರಗಳ ಗುಡಿಗಾರರ, ಅಂದರೆ ಮರ ಕೆತ್ತುವ ಕಸುಬಿನವರ, ಕೆತ್ತನೆಯನ್ನು ಹತ್ತಿರದಿಂದ ನೋಡಿದರೆ ನಾರಿನ ಲೆಕ್ಕ ತಿಳಿಯುತ್ತದೆ. ಎಂಟರಲ್ಲಿ ಎರಡು ಎಸಳು ನಾರಿನ ಉದ್ದಕ್ಕೆ, ಎರಡು ಅಡ್ಡಕ್ಕೆ, ನಾಲ್ಕು ಓರೆಗೆ ಬೀಳುತ್ತವೆ. ಅಡ್ಡ ಬಿದ್ದವುಗಳ ತುದಿ ಬೇಗ ಮುರಿಯುತ್ತದೆ. ಅಲ್ಲಿ ಅಡಿಭಾಗ ಕೊರೆಯದೆ ದಪ್ಪ ಉಳಿಸಿ. ಓರೆ ಎಸಳಿನ ಒಂದು ಅಂಚನ್ನು ಬುಡದಿಂದ ತುದಿಗೆ ಕೆತ್ತಿದರೆ, ಇನ್ನೊಂದನ್ನು ತುದಿಯಿಂದ ಬುಡಕ್ಕೆ ಕೆತ್ತಬೇಕಾಗಬಹುದು. ಉಳಿ ಒಳಕ್ಕೆ ಹಿಡಿದುಕೊಳ್ಳುತ್ತಿದೆ ಎನಿಸಿದ ಕೂಡಲೇ ದಿಕ್ಕು ಬದಲಿಸಿ, ಇಲ್ಲದಿದ್ದರೆ ಚಕ್ಕೆ ಏಳುತ್ತದೆ.